ಬೀಗ ಗಟ್ಟಿ ಉಂಟು, ದಾರಂದದ್ದು ಎಂತ ಕತೆ?

"ಐದು ಸಾವಿರ ಕೊಟ್ಟಿದ್ದೇನೆ ಮಾರಾಯ್ರೆ. ಇನ್ನು ಕಳ್ಳ ಬಂದರೆ ಬಾಗಿಲಿಗೆ ನಮಸ್ಕಾರ ಮಾಡಿ ಹೋಗಬೇಕಷ್ಟೆ."

ಶೆಟ್ರು ಇಷ್ಟು ಹೇಳಿದ್ದೇ ಸಾಕಾಯಿತು. ಉಡುಪಿಯ ಕಲ್ಸಂಕದ ಹತ್ತಿರದ ಹೋಟೆಲು, ಸಂಜೆ ಹೊತ್ತು, ಗೋಳಿಬಜೆ ಆಗಷ್ಟೇ ಮೇಜಿಗೆ ಬಂದಿತ್ತು. ಭಟ್ರು ಚಟ್ನಿಗೆ ಅದ್ದಿದ ಬಜೆಯನ್ನು ಬಾಯಿಗೆ ಹಾಕದೆ ಅರ್ಧದಲ್ಲೇ ಹಿಡಿದುಕೊಂಡು, "ಬೀಗಕ್ಕೆ ಐದು ಸಾವಿರ, ಆಯ್ತು. ಸ್ಕ್ರೂ ಎಷ್ಟು ಉದ್ದದ್ದು?" ಎಂದು ಕೇಳಿದರು. ಭಟ್ರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಸ್ಟ್ರಾಂಗ್‌ರೂಮಿನ ಎರಡು ಕೀಗಳಲ್ಲಿ ಒಂದನ್ನು ವರ್ಷಗಟ್ಟಲೆ ಸೊಂಟದಲ್ಲಿ ಇಟ್ಟುಕೊಂಡು ತಿರುಗಿದ್ದಾರೆ, ಹಾಗಾಗಿ ಬೀಗದ ವಿಷಯ ಬಂದರೆ ಅವರು ಸುಮ್ನೆ ಕೂರುವವರಲ್ಲ.

"ಸ್ಕ್ರೂ ಪೆಟ್ಟಿಗೆಯಲ್ಲೇ ಬರ್ತದಲ್ಲ ಭಟ್ರೆ, ಅದನ್ನು ಯಾರು ಅಳೀತಾರೆ?"

"ಕಳ್ಳ ಅಳೀತಾನೆ."

ನಮ್ಮ ಜೊತೆ ಕೂತಿದ್ದ ಪೊರ್ಬುಗಳು ನಕ್ಕು ಕಾಫಿ ಚೆಲ್ಲಿಕೊಂಡರು. ಶೆಟ್ರು ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದು ಮಲ್ಪೆ ರಸ್ತೆಯ ಹಳೇ ಮನೆ ರಿಪೇರಿ ಮಾಡಿಸಿದವರು. ಅವರು ಹಾಕಿಸಿದ್ದು ಡೆಡ್‌ಬೋಲ್ಟ್. ಅದು ಸಾದಾ ಲ್ಯಾಚಿನ ಹಾಗಲ್ಲ. ಲ್ಯಾಚಿನ ನಾಲಗೆಯ ಹಿಂದೆ ಸ್ಪ್ರಿಂಗ್ ಇರುತ್ತದೆ, ತುದಿ ಓರೆ ಇರುತ್ತದೆ, ಬಾಗಿಲು ದೂಡಿದರೆ ತಾನೇ ಒಳಗೆ ಸರಿದು ಟಕ್ಕಂತ ಹೊರಗೆ ಬರುತ್ತದೆ. ಆ ಉಪಕಾರವನ್ನು ಅದು ಕಳ್ಳನಿಗೂ ಮಾಡುತ್ತದೆ, ಸಂದಿಯಲ್ಲಿ ಒಂದು ಹಳೇ ಪ್ಲಾಸ್ಟಿಕ್ ಕಾರ್ಡು ತೂರಿಸಿದರೂ ಕೆಲವೊಮ್ಮೆ ಸಾಕು. ಡೆಡ್‌ಬೋಲ್ಟಿನ ನಾಲಗೆಗೆ ಸ್ಪ್ರಿಂಗ್ ಇಲ್ಲ. ಕೀ ಅಥವಾ ಒಳಗಿನ ತಿರುಗಣೆ ತಿರುಗಿಸಿದರೆ ಮಾತ್ರ ಅದು ಅಲ್ಲಾಡುತ್ತದೆ, ದೂಡಿದರೆ ಹಂದುವುದಿಲ್ಲ.

"ಅಷ್ಟೇ ಅಲ್ಲ, ಗ್ರೇಡ್ ಮೂರು ಅಂತ ಪೆಟ್ಟಿಗೆ ಮೇಲೆ ಬರೆದುಂಟು" ಎಂದರು ಶೆಟ್ರು. "ಒಂದಲ್ಲ, ಎರಡಲ್ಲ, ಮೂರು!"

ಭಟ್ರು ಬಜೆ ಕೆಳಗಿಟ್ಟರು. "ಶೆಟ್ರೆ, ಅದು ಅಮೆರಿಕದಲ್ಲಿ ಗುಣಮಟ್ಟ ನಿಗದಿ ಮಾಡುವ ಆನ್ಸಿ ಸಂಸ್ಥೆಯ ಲೆಕ್ಕ. ಅದು ಮಾರ್ಕಲ್ಲ, ರ‍್ಯಾಂಕ್. ಒಂದನೇ ಗ್ರೇಡ್ ಅಂದರೆ ಎಲ್ಲಕ್ಕಿಂತ ಗಟ್ಟಿ. ಮೂರು ಅಂದರೆ ಪಾಸಾಗಿದೆ ಅಂತ ಅರ್ಥ, ಅಷ್ಟೇ."

ಶೆಟ್ರ ಮುಖ ನೋಡಬೇಕಿತ್ತು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಪಿಕ್ ಮಾಡ್ಲಿಕ್ಕೆ, ಅಂದರೆ ಕೀ ಇಲ್ಲದೆ ತಂತಿ ಹಾಕಿ ತೆಗೀಲಿಕ್ಕೆ ಆಗುವುದಿಲ್ಲ ಅಂತ ಅಂಗಡಿಯವ ಪ್ರಮಾಣ ಮಾಡಿದ್ದಾನೆ" ಎಂದರು.

ಭಟ್ರಿಗೆ ಬೇಕಾದದ್ದೇ ಅದು. ಲಂಡನ್ನಿನಲ್ಲಿ ಬ್ರಾಮಾ ಅನ್ನುವ ಕಂಪನಿ ತನ್ನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗ ಇಟ್ಟು, ಇದನ್ನು ಕೀ ಇಲ್ಲದೆ ತೆಗೆದವರಿಗೆ 200 ಗಿನಿ ಬಹುಮಾನ ಅಂತ ಬೋರ್ಡು ಹಾಕಿತ್ತಂತೆ. ವರ್ಷಗಟ್ಟಲೆ ಯಾರಿಗೂ ಆಗಲಿಲ್ಲ. 1851ರಲ್ಲಿ ಅಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಾಗ ಅಮೆರಿಕದಿಂದ ಹಾಬ್ಸ್ ಅನ್ನುವ ಒಬ್ಬ ಬಂದ. ಮೊದಲು ಚಬ್ ಕಂಪನಿಯ ಹೆಸರುವಾಸಿ ಬೀಗವನ್ನು ಅರ್ಧ ಗಂಟೆಯೊಳಗೆ ತೆಗೆದ, ಆಮೇಲೆ ಈ ಬ್ರಾಮಾ ಬೀಗಕ್ಕೆ ಕೂತ. ಹದಿನಾರು ದಿನಗಳಲ್ಲಿ ಅಷ್ಟಷ್ಟೇ ಮಾಡಿ ಒಟ್ಟು 51 ಗಂಟೆಯಲ್ಲಿ ಅದನ್ನೂ ತೆಗೆದ.

"51 ಗಂಟೆಯಾ!" ಎಂದರು ಪೊರ್ಬು. "ನಮ್ಮ ಕಳ್ಳನಿಗೆ ಅಷ್ಟು ಪುರುಸೊತ್ತು ಎಲ್ಲಿ ಉಂಟು? ನಡುವೆ ಗಂಜಿ ಊಟಕ್ಕೆ ಯಾರ ಮನೆಗೆ ಹೋಗುವುದು?"

"ಅದನ್ನೇ ನಾನು ಹೇಳುವುದು. ಬೀಗ ಪಿಕ್ ಮಾಡುವಷ್ಟು ವಿದ್ಯೆ ಇದ್ದವ ಬೇರೆ ಕೆಲಸ ಹಿಡಿದಿರುತ್ತಾನೆ. ಇಲ್ಲಿಗೆ ಬರುವವ ಹಾರೆ ತರುತ್ತಾನೆ. ಹಾರೆ ಹಾಕುವುದು ಬೀಗಕ್ಕಲ್ಲ, ಬಾಗಿಲಿಗೂ ಅದರ ಚೌಕಟ್ಟಾದ ದಾರಂದಕ್ಕೂ ನಡುವೆ ಇರುವ ಸಂದಿಗೆ."

ಅಷ್ಟರಲ್ಲಿ ಬಡಗಿ ಆಚಾರ್ರು ಬಂದರು. ಶೆಟ್ರ ಮನೆಗೆ ಬೀಗ ಕೂರಿಸಿದ್ದು ಬೇರೆ ಯಾರೋ, ಅದನ್ನು ಬಿಚ್ಚಿ ಪುನಃ ಕೂರಿಸಿದ್ದು ಇವರು. ಕೂತವರೇ ಕಿಸೆಯಿಂದ ಎರಡು ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟರು. ಒಂದು ಮುಕ್ಕಾಲು ಇಂಚಿನದ್ದು, ಬೀಗದ ಪೆಟ್ಟಿಗೆಯಲ್ಲಿ ಬಂದದ್ದು. ಇನ್ನೊಂದು ಮೂರು ಇಂಚಿನದ್ದು, ಇವರೇ ತಂದದ್ದು. ಚಿಕ್ಕದರ ಸುತ್ತುಗಳಲ್ಲಿ ಹುಡಿ ಹುಡಿ ಮರ ಇನ್ನೂ ಅಂಟಿಕೊಂಡಿತ್ತು.

"ನೋಡಿ, ಕೈಯಲ್ಲಿ ಎಳೆದದ್ದಕ್ಕೇ ಬಂತು. ದಾರಂದದಲ್ಲಿ ನಾಲಗೆ ಹೋಗುವ ಜಾಗಕ್ಕೆ ಒಂದು ತಗಡಿನ ಪ್ಲೇಟ್ ಹಾಕ್ತಾರಲ್ಲ, ಅದನ್ನು ಹಿಡಿದುಕೊಂಡಿದ್ದದ್ದು ಇಂಥ ಎರಡು ಸ್ಕ್ರೂ. ಒಂದು ಒದೆ ಕೊಟ್ಟರೆ ನಿಮ್ಮ ಐದು ಸಾವಿರದ ಬೀಗ ಪ್ಲೇಟಿನ ಸಮೇತ ಚಾವಡಿಗೆ ಬರ್ತಿತ್ತು. ಬೀಗಕ್ಕೆ ಎಂತದೂ ಆಗುವುದಿಲ್ಲ, ಹೊಸದರ ಹಾಗೇ ಇರ್ತದೆ!"

ಆಚಾರ್ರು ಕೆಲಸ ಮಾಡಿದ್ದನ್ನು ನಾನು ನಿಂತು ನೋಡಿದ್ದೆ. ಹೊರಗಿನ ತೂತು ಮೊದಲೇ ಕೊರೆದಿತ್ತು, ಅದು ಸರಿಯಾಗಿಯೇ ಇತ್ತು. ಎಡವಟ್ಟು ಇದ್ದದ್ದು ದಾರಂದದಲ್ಲಿ. ನಾಲಗೆ ಎಲ್ಲಿ ತಾಗುತ್ತದೆ ಅಂತ ನೋಡಲು ಅವರು ಶೆಟ್ರ ಹೆಂಡತಿಯ ಹತ್ತಿರ ಕಾಡಿಗೆ ಕೇಳಿ ಇಸಿದುಕೊಂಡು, ನಾಲಗೆಯ ತುದಿಗೆ ಸ್ವಲ್ಪ ಹಚ್ಚಿ, ಬಾಗಿಲು ಮುಚ್ಚಿ ಕೀ ತಿರುಗಿಸಿದರು. ತೆಗೆದು ನೋಡಿದರೆ ಕಪ್ಪು ಗುರುತು ಹಳೇ ತೂತಿಗಿಂತ ಎರಡು ನೂಲು ಕೆಳಗೆ ಬಿದ್ದಿತ್ತು. ಆಮೇಲೆ ತೂತಿನೊಳಗೆ ಒಂದು ಬೀಡಿ ತೂರಿಸಿ, ಬೆರಳ ಉಗುರಿನಲ್ಲಿ ಗುರುತು ಹಿಡಿದು ಆಳ ನೋಡಿದರು. ನಾಲಗೆ ಒಂದು ಇಂಚು ಉದ್ದ, ತೂತು ಅರ್ಧ ಇಂಚು ಆಳ. ಅಂದರೆ ಇಷ್ಟು ದಿನ ನಾಲಗೆ ಪೂರ್ತಿ ಹೊರಗೆ ಬಂದೇ ಇರಲಿಲ್ಲ. ಪೂರ್ತಿ ಹೊರಗೆ ಬಾರದಿದ್ದರೆ ಅದು ಲಾಕ್ ಆಗುವುದೇ ಇಲ್ಲ, ಒಳಕ್ಕೆ ದೂಡಿದರೆ ಹೋಗುತ್ತದೆ. ಉಳಿ ಹಿಡಿದು ತೂತು ಆಳ ಮಾಡಿ, ದಪ್ಪ ಪ್ಲೇಟ್ ಕೂರಿಸಿ, ಮೂರು ಇಂಚಿನ ಸ್ಕ್ರೂ ಹಾಕಿದರು. ಬೀಡಿ ಹಾಳಾಗಲಿಲ್ಲ. ಕೆಲಸ ಮುಗಿದ ಮೇಲೆ ಅದನ್ನೇ ಹಚ್ಚಿದರು.

"ಹಳೇ ಮನೆ ಆದ ಕಾರಣ ಬಚಾವ್" ಎಂದರು ಆಚಾರ್ರು. "ನಿಮ್ಮದು ಹಲಸಿನ ದಾರಂದ, ಗಟ್ಟಿ ಮರ, ಸ್ಕ್ರೂ ಕಚ್ಚಿ ಹಿಡೀತದೆ. ಈಗಿನ ಫ್ಲಾಟುಗಳಲ್ಲಿ ದಾರಂದ ತೆಳು ಇರ್ತದೆ, ಅಲ್ಲಿ ಸ್ಕ್ರೂ ಹಿಂದಿನ ಗೋಡೆವರೆಗೆ ಹೋಗಬೇಕು. ಮತ್ತೆ ಅಡಿಭಾಗದಲ್ಲಿ ಗೆದ್ದಲು ತಿಂದಿದ್ದರೆ ಯಾವ ಸ್ಕ್ರೂ ಹಾಕಿಯೂ ಉಪಯೋಗ ಇಲ್ಲ."

ಶೆಟ್ರು ಈಗ ಸ್ವಲ್ಪ ತಣ್ಣಗಾಗಿದ್ದರು. ಪೊರ್ಬುಗಳು ಬಿಡಬೇಕಲ್ಲ. "ಕಳೆದ ಆಟಿ ತಿಂಗಳಲ್ಲಿ ಎಂತ ಆಯ್ತು ಅಂತ ಹೇಳಿ ಶೆಟ್ರೆ."

ಆದದ್ದು ಇಷ್ಟೆ. ಮಳೆಗೆ ಬಾಗಿಲು ಉಬ್ಬಿತು, ನಾಲಗೆ ಪ್ಲೇಟಿಗೆ ಸಿಕ್ಕಿಕೊಂಡಿತು, ಕೀ ತಿರುಗಲಿಲ್ಲ. ಶೆಟ್ರು ಮಳೆಯಲ್ಲಿ ನಿಂತು ಬಾಗಿಲನ್ನು ಹೆಗಲಲ್ಲಿ ದೂಡಿದರು, ಎಳೆದರು, ಬೈದರು. ಕೊನೆಗೆ ಅವರ ಹೆಂಡತಿ ಹಿಂದೆ ಹೋಗಿ ಅಡುಗೆಮನೆಯ ಬಾಗಿಲಿನ ಸಂದಿಯಲ್ಲಿ ದೋಸೆ ಸಟ್ಟುಗ ತೂರಿಸಿ ಚಿಲಕ ಎತ್ತಿ ಒಳಗೆ ಹೋಗಿ, ಒಳಗಿನಿಂದ ಎದುರಿನ ಬಾಗಿಲು ತೆಗೆದರಂತೆ.

"ಸಟ್ಟುಗದಲ್ಲಿ!" ಎಂದು ಭಟ್ರು ಎರಡೂ ಕೈ ಮೇಲೆತ್ತಿದರು. "ಎದುರಿಗೆ ಐದು ಸಾವಿರ, ಹಿಂದೆ ಸಟ್ಟುಗ. ಮತ್ತೆ ಮಾಡಿನ ಮೇಲೆ ಎಂತ ಉಂಟು?"

"ಹಂಚು."

"ಆಯ್ತು ಬಿಡಿ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡುವಾಗ ಕಳ್ಳರ ಅನುಕೂಲಕ್ಕೆ ಅಂತ ಮಾಡಲಿಲ್ಲ, ಆದರೆ ನಾಲ್ಕು ಹಂಚು ಸರಿಸಿದರೆ ಯಾವ ಬೀಗವೂ ಬೇಡ."

ಹಂಚಿನ ಅಡಿಗೆ ಕಬ್ಬಿಣದ ಜಾಲಿ ಹಾಕಿಸಿದ್ದೇನೆ ಅಂತ ಶೆಟ್ರು ಹೇಳಿದರು. ಅದು ನಿಜವೂ ಹೌದು. ಹಿಂಬಾಗಿಲ ಬಗ್ಗೆ ಮಾತ್ರ ಏನೂ ಹೇಳಲಿಲ್ಲ. ನನ್ನ ಪ್ರಕಾರ ನಮ್ಮ ಕಡೆ ಹೆಚ್ಚಿನ ಮನೆಗಳ ಕತೆ ಇಷ್ಟೇ. ಎದುರಿನ ಬಾಗಿಲು ನೆಂಟರಿಗೆ ತೋರಿಸಲಿಕ್ಕೆ, ಹಿಂದಿನದ್ದು ದೇವರ ಭರವಸೆಯಲ್ಲಿ.

ಉಬ್ಬುವುದಕ್ಕೆ ಮದ್ದು ಉಂಟು. ದಾರಂದದ ತೂತನ್ನು ಮೇಲೆ ಕೆಳಗೆ ಒಂದಿಷ್ಟು ಸಡಿಲ ಮಾಡಬೇಕು, ಬಾಗಿಲಿನ ಮೇಲಂಚು ಕೆಳಂಚುಗಳಿಗೂ ಬಣ್ಣ ಹೊಡೆಯಬೇಕು. ಕಣ್ಣಿಗೆ ಕಾಣದ ಜಾಗ ಅಂತ ಅಲ್ಲಿ ಯಾರೂ ಬಣ್ಣ ಹೊಡೆಯುವುದಿಲ್ಲ, ನೀರು ಕುಡಿಯುವುದು ಅಲ್ಲಿಂದಲೇ. ತುಕ್ಕಿನದ್ದು ಬೇರೆ ತಲೆನೋವು. ಮಲ್ಪೆಯ ಉಪ್ಪುಗಾಳಿಗೆ ಅಗ್ಗದ ಬೀಗದ ಹೊಳಪು ಬೇಗ ಎದ್ದು ಹೋಗುತ್ತದೆ. ಹಿತ್ತಾಳೆ ತೆಗೆದುಕೊಳ್ಳಬೇಕು, ಸ್ಟೀಲ್ ಆದರೆ 304 ನಂಬರಿನ ಜಾತಿಗಿಂತ 316ರದ್ದು ಉಪ್ಪಿಗೆ ಜಾಸ್ತಿ ತಡೆಯುತ್ತದೆ.

"ನಾನು ವಾರಕ್ಕೊಮ್ಮೆ ತೆಂಗಿನೆಣ್ಣೆ ಬಿಡ್ತೇನೆ" ಎಂದರು ಶೆಟ್ರು.

ಆಚಾರ್ರು ಹಣೆ ಹಿಡಿದುಕೊಂಡರು. "ತೆಂಗಿನೆಣ್ಣೆ ತಲೆಗೆ ಹಾಕಿ ಶೆಟ್ರೆ! ಕೀ ತೂತಿಗೆ ಹಾಕಿದರೆ ಧೂಳೆಲ್ಲ ಹಿಡಿದು ಒಳಗಿನ ಪಿನ್ನುಗಳು ಅಂಟಿಕೊಳ್ತವೆ. ಗ್ರಾಫೈಟ್ ಹುಡಿ ಸಿಗ್ತದೆ, ಅದನ್ನು ಊದಿ. ಅದೂ ಇಲ್ಲದಿದ್ದರೆ ಮೊಮ್ಮಗನ ಪೆನ್ಸಿಲನ್ನು ಕೀಗೆ ಉಜ್ಜಿ ನಾಲ್ಕು ಸಲ ತಿರುಗಿಸಿ."

ಇಲ್ಲಿಗೆ ಪೊರ್ಬುಗಳ ಸರದಿ ಬಂತು. ಅವರ ಅಳಿಯ ದುಬಾಯಿಯಿಂದ ಬೆರಳು ಒತ್ತಿದರೆ ತೆಗೆಯುವ ಬೀಗ ತಂದುಕೊಟ್ಟಿದ್ದಾನೆ. ಕೀ ಬೇಡ, ಕಳೆದುಹೋಗುವ ಹೆದರಿಕೆ ಇಲ್ಲ, ಮಗಳು ಅಲ್ಲಿಂದಲೇ ಮೊಬೈಲಿನಲ್ಲಿ ಬಾಗಿಲು ತೆಗೆಯಬಹುದು. ಎಲ್ಲ ಒಳ್ಳೆಯದೇ. "ಆದರೆ ಬಂಗುಡೆ ತೊಳೆದು ಬಂದ ಕೈ ಅದಕ್ಕೆ ಗುರುತು ಸಿಗುವುದಿಲ್ಲ ಮಾರಾಯ್ರೆ. ಮನೆಯವಳು ಹೊರಗೆ ನಿಂತು ಬೆರಳು ಒತ್ತಿ ಒತ್ತಿ, ಕೊನೆಗೆ ಕಾಲಿಂಗ್ ಬೆಲ್ ಒತ್ತುತ್ತಾಳೆ."

ಅದಕ್ಕೂ ಬಾಗಿಲು ಉಬ್ಬುವ ತಾಪತ್ರಯ ತಪ್ಪಿದ್ದಲ್ಲ. ನಾವಾದರೆ ಬಾಗಿಲನ್ನು ಸ್ವಲ್ಪ ಎಳೆದು ಹಿಡಿದು ಕೀ ತಿರುಗಿಸುತ್ತೇವೆ. ಅದರ ಮೋಟರಿಗೆ ಆ ಬುದ್ಧಿ ಇಲ್ಲ, ಸಿಕ್ಕಿಕೊಂಡರೆ ದೂಡಿ ದೂಡಿ ಬ್ಯಾಟರಿ ಮುಗಿಸುತ್ತದೆ. ಹೊರಗಿನಿಂದ ಒಂದು ಒಂಬತ್ತು ವೋಲ್ಟಿನ ಬ್ಯಾಟರಿಯನ್ನೋ ಪವರ್ ಬ್ಯಾಂಕನ್ನೋ ತಾಗಿಸಿ ಜೀವ ಕೊಡುವ ಸೌಕರ್ಯ ಹೆಚ್ಚಿನವಕ್ಕೆ ಇರುತ್ತದೆ. ತೆಗೆದುಕೊಳ್ಳುವಾಗ ಅದು ಇದೆಯಾ, ಜೊತೆಗೆ ಸಾದಾ ಕೀ ಕೂಡ ಉಂಟಾ ಅಂತ ನೋಡಿಕೊಳ್ಳಬೇಕು. ಪೊರ್ಬುಗಳ ಮನೆಯಲ್ಲಿ ಸಾದಾ ಕೀ ಉಂಟು. ಮನೆಯೊಳಗೆ, ಗೋದ್ರೆಜ್ ಕಪಾಟಿನಲ್ಲಿ.

"ನನ್ನ ಬಾಗಿಲ ಪಕ್ಕ ಗಾಜಿನ ಕಿಟಕಿ ಉಂಟು" ಎಂದರು ಶೆಟ್ರು. "ಗಾಜು ಒಡೆದು ಕೈ ಹಾಕಿ ಒಳಗಿನ ತಿರುಗಣೆ ತಿರುಗಿಸಿದರೆ? ಅದಕ್ಕೆ ಡಬಲ್ ಸಿಲಿಂಡರ್ ಹಾಕಿಸಿ ಅಂದ ಅಂಗಡಿಯವ."

"ಡಬಲ್ ಸಿಲಿಂಡರ್ ನಮ್ಮಲ್ಲಿಯೂ ಉಂಟು, ಗ್ಯಾಸಿನವನೇ ತಂದಿಡ್ತಾನೆ" ಅಂದರು ಪೊರ್ಬು.

ಭಟ್ರಿಗೆ ನಗು ಬರಲಿಲ್ಲ. ಡಬಲ್ ಸಿಲಿಂಡರ್ ಅಂದರೆ ಒಳಗಿನಿಂದಲೂ ಕೀ ಬೇಕು. ಗಾಜು ಒಡೆದವನಿಗೆ ಅದು ಆಗಿಬರುವುದಿಲ್ಲ, ಸರಿ. ಆದರೆ ನಡುರಾತ್ರಿ ಆ ಗ್ಯಾಸೇ ಹೊತ್ತಿಕೊಂಡರೆ, ಕರೆಂಟು ಹೋಗಿ ಹೊಗೆ ತುಂಬಿದರೆ, ಕೀ ಎಲ್ಲಿ ಅಂತ ಹುಡುಕುವವರು ಯಾರು? "ಕಿಟಕಿಗೆ ಸರಳು ಹಾಕಿಸಿ, ಬಾಗಿಲಿಗೆ ಒಳಗಿನಿಂದ ತಿರುಗಣೆಯೇ ಇರಲಿ. ಕಳ್ಳ ಬಂದರೆ ಚಿನ್ನ ಹೋಗ್ತದೆ, ಅಷ್ಟೆ."

"ಚಿನ್ನ ಹೋದರೆ 'ಅಷ್ಟೆ'ಯಾ?" ಎಂದು ಶೆಟ್ರು ಬೆಚ್ಚಿದರು.

ಅಂಗಡಿಗಳಿಗೆ ಇದು ಇನ್ನೂ ಮುಖ್ಯ. ಕೆಲಸದವರು ಒಳಗಿರುವಾಗ ಬಾಗಿಲು ಕೀ ಇಲ್ಲದೆ ತೆರೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಶೆಟ್ರ ಭಾವನಿಗೆ ಸಂತೆಕಟ್ಟೆಯಲ್ಲಿ ಅಂಗಡಿ ಉಂಟು, ರೋಲಿಂಗ್ ಶಟರಿಗೆ ನಡುವೆ ಒಂದು ಲಾಕ್ ಮಾತ್ರ. ಎರಡೂ ಬದಿಗೆ ಬೀಗ ಇಲ್ಲದಿದ್ದರೆ ಮೂಲೆ ಎತ್ತಿದರೆ ಎದ್ದು ಬರುತ್ತದೆ ಅಂತ ಆಚಾರ್ರು ಹೇಳಿದರು. ನೇತಾಡುವ ಬೀಗ ಹಾಕುವುದಾದರೆ ಅದರ ಕೊಂಡಿ ಹೊರಗೆ ಕಾಣದಂತೆ ಮುಚ್ಚಿರುವಂಥದ್ದು ಒಳ್ಳೆಯದು, ಕತ್ತರಿಸಲಿಕ್ಕೆ ಬಾಯಿ ಸಿಗುವುದಿಲ್ಲ. ಹುಡುಗ ಕೆಲಸ ಬಿಟ್ಟು ಹೋದರೆ ಇಡೀ ಬೀಗ ಎಸೆಯಬೇಕಾಗಿಲ್ಲ, ಒಳಗಿನ ಸಿಲಿಂಡರ್ ಮಾತ್ರ ಬದಲಿಸಿದರೆ ಅವನ ಹತ್ತಿರ ಇರುವ ಕೀ ಬರೇ ಕಬ್ಬಿಣ.

"ಭಾವನಲ್ಲಿ ಮೂರು ಹುಡುಗರು ಕೆಲಸ ಬಿಟ್ಟರು. ಮೂವರಲ್ಲೂ ಕೀ ಉಂಟು" ಎಂದರು ಶೆಟ್ರು.

"ಹಾಗಾದರೆ ಅದು ಅಂಗಡಿ ಅಲ್ಲ, ಬಸ್ ಸ್ಟ್ಯಾಂಡ್" ಅಂದರು ಭಟ್ರು.

ಬಿಲ್ಲು ಬಂತು. ಯಾರೂ ಮುಟ್ಟಲಿಲ್ಲ. ಆಚಾರ್ರು ಎದ್ದು ನಿಂತು, "ಹಿಂಬಾಗಿಲಿಗೆ ಒಂದು ಡೆಡ್‌ಬೋಲ್ಟ್ ಹಾಕಿಯೇ ಬಿಡುವಾ ಶೆಟ್ರೆ. ಯಾವಾಗ ಬರಲಿ?" ಎಂದು ಕೇಳಿದರು.

ಶೆಟ್ರಿಗೆ ಉತ್ಸಾಹ ಬಂತು. ಹೋಟೆಲಿನ ಗಲಾಟೆಯಲ್ಲಿ ಆಚಾರ್ರಿಗೆ ಸರಿಯಾಗಿ ಕೇಳಲಿ ಅಂತ ಸ್ವರ ಏರಿಸಿ, "ಶನಿವಾರ ಬನ್ನಿ! ನಾವೆಲ್ಲ ಬಯಲಾಟಕ್ಕೆ ಹೋಗ್ತೇವೆ, ಬೆಳಗ್ಗೆವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಕೀ ಕರೆಂಟಿನ ಮೀಟರ್ ಬಾಕ್ಸಿನೊಳಗೆ ಉಂಟು, ತೆಗೆದುಕೊಳ್ಳಿ!" ಎಂದರು.

ಸುತ್ತಲಿನ ನಾಲ್ಕು ಮೇಜಿನವರು ತಿನ್ನುವುದು ನಿಲ್ಲಿಸಿ ನೋಡಿದರು.

"ಇನ್ನು ಸ್ವಲ್ಪ ಗಟ್ಟಿ ಹೇಳಿ ಶೆಟ್ರೆ" ಎಂದರು ಭಟ್ರು. "ಮಣಿಪಾಲದವರಿಗೆ ಕೇಳಿಸಲಿಲ್ಲ."