10 ಕಿ.ಮೀ. ಓಟಕ್ಕೆ ಮುಂಚೆ ಕೆಫೀನ್: ಎಷ್ಟು, ಯಾವಾಗ?

ಪ್ರಶ್ನೆ (ಹತ್ತು_ಕಿಮೀ):
ತೂಕ 62 ಕೆ.ಜಿ., 10 ಕಿ.ಮೀ.ಗೆ ಗುರಿ 50 ನಿಮಿಷ. ಮುಂದಿನ ತಿಂಗಳ ಸ್ಪರ್ಧೆ ಸಂಜೆ 6ಕ್ಕೆ. ದಿನಕ್ಕೆ ಎರಡು ಲೋಟ ಕಾಫಿ ಅಭ್ಯಾಸ ಇದೆ. ಅದೇ ಸಾಕಾ, ಇಲ್ಲಾ 200 ಮಿ.ಗ್ರಾಂ ಮಾತ್ರೆ ತಗೊಳ್ಳಬೇಕಾ? ಒಂದು ವಾರ ಕಾಫಿ ಬಿಟ್ಟರೆ ಪರಿಣಾಮ ಜಾಸ್ತಿ ಅಂತಾರೆ, ನಿಜವಾ? ಡೋಪಿಂಗ್ ತಕರಾರು ಬರುತ್ತಾ?

ಉತ್ತರ 1 (ಪೇಸ್_ಲೆಕ್ಕ):
ಲೆಕ್ಕ ದೇಹದ ತೂಕದ ಮೇಲೆ ಹೋಗುತ್ತೆ. ಕೆ.ಜಿ.ಗೆ 3ರಿಂದ 6 ಮಿ.ಗ್ರಾಂ ಅನ್ನೋದು ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಫಲ ಕೊಟ್ಟಿರೋ ಪ್ರಮಾಣ. ನಿಮಗೆ ಅದು 186ರಿಂದ 372. ಮೊದಲ ಸಲಕ್ಕೆ 372ರ ಕಡೆ ತಲೆ ಹಾಕಿಯೂ ಮಲಗಬೇಡಿ. 200ರ ಒಂದು ಮಾತ್ರೆ ಅಂದ್ರೆ ಕೆ.ಜಿ.ಗೆ ಸುಮಾರು 3.2, ಅಷ್ಟು ಸಾಕು. ಕೆಲವರಿಗೆ ಕೆ.ಜಿ.ಗೆ 2 ಮಿ.ಗ್ರಾಂ ಲೆಕ್ಕದಲ್ಲೂ ಕೆಲಸ ಆಗುತ್ತೆ. 9ಕ್ಕೆ ಏರಿಸಿದರೆ ಹೆಚ್ಚಿನ ಲಾಭ ಏನೂ ಇಲ್ಲ, ಕೈನಡುಕ, ಎದೆಬಡಿತ, ಹೊಟ್ಟೆ ತೊಳಸೋದು ಮಾತ್ರ ಗ್ಯಾರಂಟಿ.

ಓಟಕ್ಕೆ ಒಂದು ಗಂಟೆ ಮುಂಚೆ, ನೀರಿನ ಜೊತೆ. ಕಾಫಿಯಿಂದಲೂ ಅದೇ ಫಲ ಸಿಗುತ್ತೆ, ಆದರೆ ಪುಡಿ, ಡಿಕಾಕ್ಷನ್, ಲೋಟದ ಅಳತೆ ಬದಲಾದ ಹಾಗೆ ಕೆಫೀನ್ ಕೂಡ ಬದಲಾಗುತ್ತೆ. ಕೆಲವರಿಗೆ ಸ್ಟಾರ್ಟ್ ಲೈನಲ್ಲೇ ಶೌಚಾಲಯ ಹುಡುಕೋ ಹಾಗೂ ಆಗುತ್ತೆ. ಅಳತೆ ಖಚಿತ ಬೇಕಿದ್ದರೆ ಮಾತ್ರೆಯೇ ವಾಸಿ.

ಇನ್ನೊಂದು ಮುಖ್ಯ ವಿಷಯ. ದಣಿದಾಗ ಮಿದುಳಿಗೆ "ಸಾಕು" ಅಂತ ಹೇಳೋದು ಅಡೆನೊಸಿನ್ ಅನ್ನೋ ರಾಸಾಯನಿಕ. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತೆ, ಹಾಗಾಗಿ ಅದೇ ವೇಗ ಹಗುರ ಅನ್ನಿಸುತ್ತೆ. ಇಂಧನ ಹೆಚ್ಚಿಲ್ಲ, ದಣಿವಿನ ಅನಿಸಿಕೆ ಕಡಿಮೆ ಅಷ್ಟೆ. ಹೆಚ್ಚಿನವರು ಎಡವೋದು ಇಲ್ಲೇ: ಹಗುರ ಅನ್ನಿಸ್ತು ಅಂತ ಮೊದಲ 2 ಕಿ.ಮೀ. ಅನ್ನು ಕಿ.ಮೀ.ಗೆ 4:40 ನಿಮಿಷದ ವೇಗದಲ್ಲಿ ಓಡಿ, 7ನೇ ಕಿ.ಮೀ.ಗೆ ಕಾಲು ಕಟ್ಟಿಹೋಗುತ್ತೆ. ಮನಸ್ಸಿನ ಮಾತು ಬಿಟ್ಟು ಗಡಿಯಾರ ನೋಡಿ, ಮೊದಲ 3 ಕಿ.ಮೀ. 5:00ಕ್ಕಿಂತ ಬೇಗ ಬೇಡ.

ಉತ್ತರ 2 (ನಿದ್ದೆ_ಮೊದಲು):
ಸಂಜೆ 6ರ ಓಟ ಅಂದಿದ್ದೀರಿ, ಅದನ್ನ ಮರೆಯಬೇಡಿ. ಕೆಫೀನ್ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ಸರಾಸರಿ 5 ಗಂಟೆ ಬೇಕು. 5ಕ್ಕೆ 200 ನುಂಗಿದರೆ ರಾತ್ರಿ 10ಕ್ಕೆ ಇನ್ನೂ ಸುಮಾರು 100 ಉಳಿದಿರುತ್ತೆ. ಗರ್ಭನಿರೋಧಕ ಮಾತ್ರೆ ತಗೊಳ್ಳೋರಲ್ಲಿ ಈ ಅವಧಿ ಹೆಚ್ಚುಕಡಿಮೆ ದುಪ್ಪಟ್ಟು. ಮಾರನೇ ದಿನವೂ ಸ್ಪರ್ಧೆ ಇದ್ದರೆ ಮಾತ್ರೆ ಅರ್ಧ ಮಾಡಿ, ಇಲ್ಲವೇ ಬಿಟ್ಟೇಬಿಡಿ. ಒಂದು ರಾತ್ರಿಯ ನಿದ್ದೆ ಹೋದರೆ ಆಗೋ ನಷ್ಟ ಸಣ್ಣದಲ್ಲ.

ಆ ದಿನ ಬೆಳಗಿನ ಕಾಫಿ ಇರಲಿ, ಮಧ್ಯಾಹ್ನದ್ದು ಬೇಡ. ಆರೋಗ್ಯವಂತ ವಯಸ್ಕರಿಗೆ ದಿನದ ಮಿತಿ ಎಲ್ಲ ಸೇರಿ 400 ಮಿ.ಗ್ರಾಂ. ಹೃದಯದ ಲಯದ ತೊಂದರೆ ಅಥವಾ ಹೆಚ್ಚು ಬಿ.ಪಿ. ಇದ್ದರೆ ಮೊದಲು ಡಾಕ್ಟರನ್ನ ಕೇಳಿ.

ಹತ್ತು_ಕಿಮೀ:
ಧನ್ಯವಾದ ಇಬ್ಬರಿಗೂ. ವಾರ ಬಿಡೋ ವಿಷಯ? ಮಾತ್ರೆ ಬದಲು ಕೆಫೀನ್ ಗಮ್ ಆಗುತ್ತಾ?

ಉತ್ತರ 3 (ಲೇಬಲ್_ಓದಿ):
ಬಿಡೋದು ಬೇಡ. ದಿನಾ ಕುಡಿಯೋರಿಗೂ ಸ್ಪರ್ಧೆಯ ದಿನದ ಪ್ರಮಾಣ ಕೆಲಸ ಮಾಡುತ್ತೆ. ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು ಹತ್ತುತ್ತೆ, ಕೊನೇ ವಾರದ ತಾಲೀಮು ಕೆಡುತ್ತೆ.

ಗಮ್ ಆಗುತ್ತೆ. ಬಾಯೊಳಗಿನ ಪೊರೆಯಿಂದಲೇ ರಕ್ತಕ್ಕೆ ಸೇರೋದರಿಂದ ಒಂದು ಗಂಟೆ ಕಾಯಬೇಕಿಲ್ಲ, ಶುರುವಿಗೆ 10–15 ನಿಮಿಷ ಮುಂಚೆ ಐದು ನಿಮಿಷ ಅಗಿದರೆ ಸಾಕು. ಯಾವುದೇ ಆಗಲಿ, ಸ್ಪರ್ಧೆಗೆ ಮುಂಚೆ ಎರಡು ಜೋರು ತಾಲೀಮಿನಲ್ಲಿ, ಅದೇ ಹೊತ್ತಿಗೆ, ಅದೇ ಊಟ ಮಾಡಿ ಪರೀಕ್ಷಿಸಿ.

ಡೋಪಿಂಗ್: 2003ರ ಕೊನೆಯವರೆಗೆ ಮೂತ್ರದಲ್ಲಿ ಮಿ.ಲೀ.ಗೆ 12 ಮೈಕ್ರೋಗ್ರಾಂ ದಾಟಿದರೆ ತಪ್ಪು. 2004ರಲ್ಲಿ ವಾಡಾ (ಡೋಪಿಂಗ್ ತಡೆಯೋ ವಿಶ್ವ ಸಂಸ್ಥೆ) ನಿಷೇಧದ ಪಟ್ಟಿಯಿಂದ ತೆಗೆಯಿತು, ಈಗ ನಿಗಾ ಮಾತ್ರ. ಭಯ ಇರೋದು ಪ್ರೀ-ವರ್ಕೌಟ್ (ತಾಲೀಮಿಗೆ ಮುಂಚೆ ತಗೊಳ್ಳೋ ಪುಡಿ) ಡಬ್ಬಿಗಳಲ್ಲಿ. ಲೇಬಲ್‌ನಲ್ಲಿಲ್ಲದ ಉತ್ತೇಜಕ ಬೆರೆತಿದ್ದರೂ ಹೊಣೆ ಕ್ರೀಡಾಪಟುವಿನದೇ. ಬಿಡಿ ಕೆಫೀನ್ ಪುಡಿಯನ್ನಂತೂ ಮನೆಗೇ ತರಬೇಡಿ. ಒಂದು ಟೀ ಚಮಚದಲ್ಲಿ ಕೆಲವು ಗ್ರಾಂ ಹಿಡಿಯುತ್ತೆ, ಅಷ್ಟಕ್ಕೆ ಪ್ರಾಣ ಹೋಗಿದೆ.