ಅಟ್ಟದಲ್ಲಿ ಸಿಕ್ಕ 2001ರ ಸ್ಕೇಟ್ ಶೂ, ತಳ ಪುಡಿಪುಡಿ. ಉಳಿಸಿಕೊಳ್ಳಬಹುದಾ?

ಎಡಗಾಲು_ಮುಂದೆ (ಮೈಸೂರು)

ಪ್ರಶ್ನೆ ಚಿಕ್ಕದು, ಕಥೆ ಉದ್ದ. ಅವಸರದಲ್ಲಿರುವವರು ಕೊನೆಯ ಪ್ಯಾರಾಗೆ ಹೋಗಬಹುದು.

ಮನೆಗೆ ಬಣ್ಣ ಹೊಡೆಸಬೇಕು ಅಂತ ಅಮ್ಮ ಹೋದ ತಿಂಗಳು ಅಟ್ಟ ಖಾಲಿ ಮಾಡಿಸಿದಳು. ಹಿತ್ತಾಳೆ ಕೊಳಗ, ಸೀರಿಯಲ್ ಸೆಟ್, ನನ್ನ ಪಿಯುಸಿ ನೋಟ್ಸು, ಇವೆಲ್ಲದರ ಹಿಂದೆ ಎರಡು ಶೂ ಡಬ್ಬ. ಒಂದರಲ್ಲಿ ಹಾಕಿ ಹಾಕಿ ತೂತಾದ ಹಾಫ್ ಕ್ಯಾಬ್, ಸ್ಕೇಟ್‌ಬೋರ್ಡ್ ಆಡಲು ವ್ಯಾನ್ಸ್ ಕಂಪನಿ ಮಾಡುವ ಶೂ. ಇನ್ನೊಂದರಲ್ಲಿ ಒಂದು ದಿನವೂ ಹಾಕದ ಹೊಸ ಜೋಡಿ. ಬೂದು ಬಣ್ಣದ ಸ್ವೇಡ್ ಚರ್ಮ, ನಾಲಿಗೆ ಮಲ್ಲಿಗೆ ಇಡ್ಲಿ ಥರ ಉಬ್ಬಿಕೊಂಡಿದೆ. ಒಳಗಿನ ತೆಳು ಕಾಗದ ಕೂಡ ಮಡಿಸಿದ ಹಾಗೇ ಇತ್ತು. ಖುಷಿಯಿಂದ ಎತ್ತಿದೆ. ಮೇಲಿನ ಅರ್ಧ ಕೈಗೆ ಬಂತು. ಕೆಳಗಿನ ಅರ್ಧ ಡಬ್ಬದಲ್ಲೇ ಉಳಿಯಿತು.

ನಡುವಿನ ಫೋಮ್ ಮುಟ್ಟಿದರೆ ಹಳೇ ಮೈಸೂರು ಪಾಕಿನ ಹಾಗೆ ಉದುರುತ್ತದೆ. ಕೆಲವು ಕಡೆ ಅಂಟಂಟು. ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. ದೂರು ಕೊಡಲು ಬಂದವನಲ್ಲ ನಾನು.

1998ರ ಕೊನೆಗೆ ಅಪ್ಪನಿಗೆ ವೈಟುಕೆ ಕೆಲಸ (2000ನೇ ಇಸವಿಗೆ ಕಂಪ್ಯೂಟರ್‌ಗಳ ತಾರೀಖು ಸರಿಪಡಿಸುವುದು) ಸಿಕ್ಕಿ ನಾವು ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಹೋದೆವು. ನನಗೆ ಹನ್ನೊಂದು ವರ್ಷ. ಮುಂದಿನ ಜೂನ್‌ನಲ್ಲಿ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್ ಗೇಮ್ಸ್ ಅನ್ನೋ ಸಾಹಸ ಆಟಗಳ ಸ್ಪರ್ಧೆ ನಡೆಯಿತು. ಸ್ಕೇಟ್‌ಬೋರ್ಡ್ ಆಟಗಾರ ಟೋನಿ ಹಾಕ್ ಅಷ್ಟು ಸಲ ಬಿದ್ದು, ಮತ್ತೆ ಮೇಲೆ ಹತ್ತಿ, ಕೊನೆಗೂ 900 ಹಾಕಿದ್ದನ್ನು ಟೀವಿಯಲ್ಲಿ ನೋಡಿದೆ. ಗಾಳಿಯಲ್ಲಿ ಎರಡೂವರೆ ಸುತ್ತು. ಆಮೇಲೆ ನನಗೆ ಕ್ರಿಕೆಟ್ ರುಚಿಸಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಕಾರಿನ ಚಕ್ರ ತಡೆಯಲು ಕಾಂಕ್ರೀಟ್ ದಿಮ್ಮಿಗಳಿದ್ದವು. ಅವುಗಳ ಮೇಲೆ ಬೋರ್ಡ್ ಜಾರಬೇಕು ಅಂದರೆ ಮೇಣ ಉಜ್ಜಬೇಕು. ಅಮ್ಮ ಊರಿಂದ ಒಂದು ಕಟ್ಟು ಮೇಣದಬತ್ತಿ ತಂದಿದ್ದಳು, ಕರೆಂಟ್ ಹೋದರೆ ಅಂತ. ಅಲ್ಲಿ ಕರೆಂಟ್ ಎಲ್ಲಿ ಹೋಗುತ್ತದೆ ಅಂತ ಒಂದೊಂದಾಗಿ ಎಲ್ಲಾ ಉಜ್ಜಿ ಮುಗಿಸಿದೆವು. 2001ರಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಲೋಡ್ ಶೆಡ್ಡಿಂಗ್ ಶುರುವಾಯಿತು ನೋಡಿ. ಆ ದಿನ ಸಿಕ್ಕಿಬಿದ್ದೆ.

ಆಗ ಯಾರನ್ನು ನೋಡಿದರೂ ಮೊದಲು ಕಣ್ಣು ಹೋಗುತ್ತಿದ್ದುದು ಕಾಲಿಗೆ. ಆಸೈರಿಸ್ ಕಂಪನಿಯ ಡಿ3, ಸ್ಕೇಟರ್ ಡೇವ್ ಮೇಹ್ಯೂ ಹೆಸರಿನ ಶೂ, ಚಂದ್ರನ ಮೇಲೆ ಇಳಿಯುವ ವಾಹನದ ಥರ ಇತ್ತು. ಡಿಸಿ ಕಂಪನಿಯ ಲಿಂಕ್ಸ್ ಸ್ವಲ್ಪ ಮರ್ಯಾದಸ್ತ. ಇನ್ನೊಬ್ಬ ಸ್ಕೇಟರ್ ಚಾಡ್ ಮಸ್ಕಾ ಹೆಸರಿನ ಶೂವಿನ ನಾಲಿಗೆಯೊಳಗೆ ಗುಟ್ಟಿನ ಜೇಬು ಇದೆ ಅಂತ ಕೇಳಿ ನಾವು ಹುಡುಗರು ರೋಮಾಂಚನಗೊಂಡಿದ್ದೆವು. ಆ ಜೇಬಿನಲ್ಲಿ ಇಡಲು ನಮ್ಮ ಹತ್ತಿರ ಏನೂ ಇರಲಿಲ್ಲ, ಅದು ಬೇರೆ ಮಾತು.

ಬೆಲೆ ಎಂಬತ್ತು ಡಾಲರ್. ಅಮ್ಮ ಪ್ರತಿಯೊಂದಕ್ಕೂ ನಲವತ್ತೈದರಿಂದ ಗುಣಿಸುತ್ತಿದ್ದಳು. "ಮೂರು ಸಾವಿರದ ಆರುನೂರು! ಒಂದು ಪವನ್ ಚಿನ್ನ ಬರತ್ತೆ ಕಣೋ." ನಿಜವಾಗಿಯೂ ಬರುತ್ತಿತ್ತು. ಹಾಗಾಗಿ ಮೊದಲು ಸಿಕ್ಕಿದ್ದು ಅಗ್ಗದ ಅಂಗಡಿಯ, ನೋಡಲು ಮಾತ್ರ ಹಾಗೇ ಇರುವ ಜೋಡಿ. ಗಟ್ಟಿ ತಳ, ಬೋರ್ಡ್ ಮೇಲೆ ಜರ್ರನೆ ಜಾರುತ್ತಿತ್ತು. ಎದುರು ಬ್ಲಾಕಿನ ಹುಡುಗ ಒಂದು ಸಲ ನನ್ನ ಕಾಲು ನೋಡಿ "ಪೋಸರ್" ಅಂದ. ಅರ್ಥ ಗೊತ್ತಿರಲಿಲ್ಲ. ಅವನ ಮುಖ ನೋಡಿ ಗೊತ್ತಾಯಿತು: ಬರೀ ವೇಷ ಹಾಕುವವನು ಅಂತ.

ವೇಷ ಮಾತ್ರ ಪಕ್ಕಾ ಇತ್ತು. ಪ್ಯಾಂಟಿನ ಒಂದು ಕಾಲಲ್ಲಿ ನಾನೂ ತಮ್ಮನೂ ಇಬ್ಬರೂ ತೂರಬಹುದಿತ್ತು. ಅಂಚು ನೆಲಕ್ಕೆ ಉಜ್ಜಿ ಹಿಮ್ಮಡಿ ಹತ್ತಿರ ಎಳೆ ಎಳೆಯಾಗಬೇಕು, ಅದೇ ಸ್ಟೈಲು. ಅಮ್ಮ ಅದನ್ನು ನೋಡಲಾರದೆ ನಾನು ಮಲಗಿದ್ದಾಗ ನೀಟಾಗಿ ಮಡಿಸಿ ಹೊಲಿದುಬಿಟ್ಟಳು. ಎರಡು ದಿನ ಮಾತು ಬಿಟ್ಟಿದ್ದೆ. ಪರ್ಸಿಗೆ ಚೈನ್ ಬೇಕಲ್ಲ, ಅದಕ್ಕೆ ಊರಲ್ಲಿ ರೈಲಿನ ಸೀಟಿಗೆ ಸೂಟ್‌ಕೇಸ್ ಕಟ್ಟುತ್ತಿದ್ದ ಚೈನ್ ತೆಗೆದುಕೊಂಡೆ. ಅಷ್ಟು ಭದ್ರವಾಗಿ ಕಟ್ಟಿದ ಪರ್ಸಿನಲ್ಲಿ ಇದ್ದದ್ದು ಲೈಬ್ರರಿ ಕಾರ್ಡ್.

ಹಾಫ್ ಕ್ಯಾಬ್ ಸಿಕ್ಕಿದ್ದು 2000ದ ಹುಟ್ಟುಹಬ್ಬಕ್ಕೆ. ಅದರಲ್ಲೇ ಓಲಿ ಕಲಿತೆ. ಗೊತ್ತಿಲ್ಲದವರಿಗೆ: ಹಿಂಗಾಲಿನಿಂದ ಬೋರ್ಡಿನ ಬಾಲವನ್ನು ನೆಲಕ್ಕೆ ಟಪ್ ಅಂತ ಹೊಡೆಯಬೇಕು. ಅದೇ ಕ್ಷಣಕ್ಕೆ ಮುಂಗಾಲನ್ನು ಓರೆ ಮಾಡಿ ಬೋರ್ಡ್ ಉದ್ದಕ್ಕೂ ಮೇಲಕ್ಕೆ ಉಜ್ಜಬೇಕು. ಆಗ ಬೋರ್ಡ್ ಕಾಲಿಗೆ ಅಂಟಿಕೊಂಡ ಹಾಗೆ ಮೇಲೇಳುತ್ತದೆ. ಬೋರ್ಡ್ ಮೇಲಿನ ಗ್ರಿಪ್ ಟೇಪ್ ಉಪ್ಪು ಕಾಗದದ ಥರ ಒರಟು. ಶೂವಿನ ಕಿರುಬೆರಳಿನ ಬದಿ ಮೊದಲು ನುಣ್ಣಗಾಗುತ್ತದೆ, ಆಮೇಲೆ ಬೆಳ್ಳಗಾಗುತ್ತದೆ, ಆಮೇಲೆ ಕಾಲುಚೀಲ ಕಾಣುತ್ತದೆ. ಆ ತೂತು ನಮಗೆ ಮೆಡಲ್ ಇದ್ದ ಹಾಗೆ. ನನ್ನದಕ್ಕೆ ಏಳು ತಿಂಗಳು ಬೇಕಾಯಿತು.

2001ರಲ್ಲಿ ಅಪ್ಪನ ಕೆಲಸ ಹೋಯಿತು. ಆ ವರ್ಷ ಆ ಊರಲ್ಲಿ ಎಷ್ಟು ಜನರ ಕೆಲಸ ಹೋಗಲಿಲ್ಲ! ಹೊರಡುವ ಮುಂಚೆ ಸೇಲ್‌ನಲ್ಲಿ ಅಮ್ಮನೇ ಈ ಬೂದು ಜೋಡಿ ತಂದಳು, ಒಂದು ಸೈಜು ದೊಡ್ಡದು, "ಬೆಳೀತೀಯಲ್ಲ" ಅಂತ. ಆ ಸಲ ಗುಣಿಸಲಿಲ್ಲ. ಮೈಸೂರಿಗೆ ಬಂದ ಮೇಲೆ ನಮ್ಮ ರಸ್ತೆಯ ಜಲ್ಲಿಗೆ ಬೋರ್ಡಿನ ಚಕ್ರ ಸಿಕ್ಕಿಕೊಳ್ಳುತ್ತಿತ್ತು. ಸ್ಕೂಲಿಗೆ ಕಪ್ಪು ಶೂನೇ ಬೇಕು. "ಒಳ್ಳೇದಕ್ಕೆ ಇರಲಿ" ಅಂತ ಅಮ್ಮ ಎತ್ತಿಟ್ಟಳು. ಅಷ್ಟರಲ್ಲಿ ನನ್ನ ಕಾಲು ಎರಡು ಸೈಜು ಬೆಳೆದಿತ್ತು.

ಪ್ರಶ್ನೆ ಇಷ್ಟೇ. ಒಂದು: ಹಾಕಿ ಹರಿದದ್ದು ಇನ್ನೂ ಗಟ್ಟಿಯಾಗಿದೆ, ಹಾಕದೇ ಇಟ್ಟದ್ದು ಪುಡಿಯಾಗಿದೆ, ಇದು ಯಾಕೆ? ಎರಡು: ಬೂದು ಜೋಡಿಗೆ ಬೇರೆ ತಳ ಹಾಕಿಸಬಹುದಾ? ನನ್ನ ಮಗನಿಗೆ ಹನ್ನೆರಡು. ಅವನ ಕಾಲಿಗೆ ಅದು ಸರಿಯಾಗುತ್ತದೆ.

ಪೀಣ್ಯ_ಪಾಲಿಮರ್

ಸರ್, ಸೋಲ್ ಮೌಲ್ಡಿಂಗ್‌ನಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ ಬೂದು ಶೂವಿನ ನಡುವೆ ಇದ್ದದ್ದು ಪಿಯು ಫೋಮ್, ಪಾಲಿಯುರೆಥೇನ್. ಮೆತ್ತಗೆ ಇರುತ್ತದೆ, ಏಟು ತಡೆಯುತ್ತದೆ, ಬೇಗ ಚಪ್ಪಟೆ ಆಗುವುದಿಲ್ಲ. ಆದರೆ ಅದರಲ್ಲಿ ಒಂದು ಜಾತಿಗೆ ನೀರಿನ ಪಸೆ ಆಗುವುದಿಲ್ಲ. ಗಾಳಿಯ ತೇವ ನಿಧಾನವಾಗಿ ಒಳಗೆ ಹೋಗಿ ಅದರ ಅಣುಗಳ ಉದ್ದುದ್ದ ಸರಪಳಿಗಳನ್ನು ತುಂಡು ಮಾಡುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ. ಒಂದು ದಿನ ಎತ್ತಿದರೆ ಪುಡಿ. ನಿಮ್ಮ ಅಟ್ಟ ಇಪ್ಪತ್ತಕ್ಕೂ ಜಾಸ್ತಿ ಮಳೆಗಾಲ ಕಂಡಿದೆ, ಬೇಸಿಗೆಯಲ್ಲಿ ಹೆಂಚು ಕಾದ ಬಿಸಿ ಬೇರೆ. ಡಬ್ಬದೊಳಗೆ ತೇವ ಸೇರಿಕೊಂಡರೆ ಹೊರಗೆ ಹೋಗಲು ದಾರಿ ಇಲ್ಲ. ಆ ಡಬ್ಬದೊಳಗಿನ ಬಿಳಿ ಪೊಟ್ಟಣ, ಸಿಲಿಕಾ ಜೆಲ್, ಅದು ತೇವ ಹೀರುವುದು ಕೆಲವು ತಿಂಗಳು ಮಾತ್ರ.

ಹಾಫ್ ಕ್ಯಾಬ್ ಬೇರೆ ಲೆಕ್ಕ. ಅದು ವಲ್ಕನೈಸ್ಡ್. ಮಾಮೂಲಿ ರಬ್ಬರ್ ತಳ, ಸುತ್ತ ರಬ್ಬರ್ ಪಟ್ಟಿ ಅಂಟಿಸಿ ಇಡೀ ಶೂವನ್ನೇ ಓವನ್‌ನಲ್ಲಿ ಬೇಯಿಸುತ್ತಾರೆ. ಗಟ್ಟಿಯಾಗಬಹುದು, ಬಿರುಕು ಬಿಡಬಹುದು, ಹೀಗೆ ಪುಡಿಯಾಗುವುದಿಲ್ಲ.

ಪುಡಿಯಾದ ಪಿಯು ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ, ಸುಮ್ನೆ ದುಡ್ಡು ಹಾಳು. ಪೂರ್ತಿ ಕೆರೆದು ತೆಗೆಯಿರಿ. ಹಳೇ ಫೋಮ್ ಒಂದು ಚೂರೂ ಉಳಿಯಬಾರದು. ಆಮೇಲೆ ಹೊಸ ತಳ. ಮೊದಲು ಮೇಲ್ಭಾಗದ ಹೊಲಿಗೆ ಎಳೆದು ನೋಡಿ, ದಾರ ಗಟ್ಟಿ ಇದ್ದರೆ ಮಾತ್ರ ಮುಂದುವರಿಯಿರಿ.

ಜಯನಗರ_ಬ್ಯಾಗಿ

ಪೋಸರ್ ಅನ್ನೋ ಪದ ಓದಿ ಜೋರಾಗಿ ನಕ್ಕೆ. ನಾನು ಅದರ ಬೆಂಗಳೂರು ಶಾಖೆಯ ಅಧ್ಯಕ್ಷೆ.

2002ರಲ್ಲಿ ನಮ್ಮ ರಸ್ತೆ ಕೊನೆಯಲ್ಲಿ ಪ್ಲೇಸ್ಟೇಷನ್ ಅಂಗಡಿ ಇತ್ತು. ಗಂಟೆ ಲೆಕ್ಕದಲ್ಲಿ ಆಡುವುದು. ಟೋನಿ ಹಾಕ್ ಹೆಸರಿನ ವಿಡಿಯೋ ಆಟದಲ್ಲಿ ಎಕ್ಸ್ ಒತ್ತಿದರೆ ಓಲಿ, ಚೌಕ ಒತ್ತಿದರೆ ಫ್ಲಿಪ್ (ಬೋರ್ಡ್ ಗಾಳಿಯಲ್ಲಿ ತಿರುಗುವುದು), ತ್ರಿಕೋನ ಒತ್ತಿದರೆ ಗ್ರೈಂಡ್ (ಕಂಬಿ, ಅಂಚಿನ ಮೇಲೆ ಜಾರುವುದು). ನನ್ನ ಓಲಿಗೆ ಶೂ ತೂತಾಗಬೇಕಿರಲಿಲ್ಲ, ಹೆಬ್ಬೆರಳು ಸಾಕಾಯಿತು! ಯಾವಾಗಲೂ ಸ್ಕೇಟರ್ ಎಲಿಸಾ ಸ್ಟೀಮರ್‌ಳನ್ನೇ ಆರಿಸಿಕೊಳ್ಳುತ್ತಿದ್ದೆ. ಅಷ್ಟು ಹುಡುಗರ ನಡುವೆ ಇದ್ದ ಒಬ್ಬಳೇ ಹುಡುಗಿ. ಅಂಗಡಿಯಲ್ಲೂ ಹಾಗೇ, ನಾನೊಬ್ಬಳೇ.

ಬ್ರಿಗೇಡ್ ರೋಡಿನಲ್ಲಿ ಚೌಕಾಸಿ ಮಾಡಿ ದಪ್ಪ ನಾಲಿಗೆಯ ನಕಲಿ ಶೂ ಕೊಂಡೆ. ಲೇಸ್ ಕಟ್ಟುತ್ತಿರಲಿಲ್ಲ, ಸುಮ್ನೆ ಒಳಗೆ ತುರುಕುತ್ತಿದ್ದೆ. ಅಣ್ಣನ ಕಾರ್ಗೋ ಪ್ಯಾಂಟ್. ಅಜ್ಜಿ ದಿನಾ ಕೇಳುತ್ತಿದ್ದರು, "ಕಾಲಿಗೆ ಪೆಟ್ಟಾಗಿದೆಯೇನೇ, ಬ್ಯಾಂಡೇಜು ಸುತ್ತಿದ ಹಾಗಿದೆ?" ಅಷ್ಟೆಲ್ಲ ಆದರೂ ಆವತ್ತಿನವರೆಗೆ ನಿಜವಾದ ಸ್ಕೇಟ್‌ಬೋರ್ಡ್ ಕಣ್ಣಲ್ಲಿ ನೋಡಿರಲಿಲ್ಲ.

ಒಂದು ಸಣ್ಣ ತಕರಾರು. ನಿಮ್ಮ ಎದುರು ಬ್ಲಾಕಿನ ಹುಡುಗ ಹೇಳಿದ್ದು ಇನ್ನೂ ನಿಮ್ಮನ್ನು ಚುಚ್ಚುತ್ತಿದೆ ಅಲ್ವಾ? ತೂತು ಬಿದ್ದ ಶೂ ಬಗ್ಗೆ ಅಷ್ಟು ಬರೆದಿರಿ. ನನ್ನ ನಕಲಿ ಶೂ ಬೋರ್ಡ್ ಕಾಣದೆ ಸವೆಯಿತು, 2 ಎ ಬಸ್ಸು ಹತ್ತಿ ಇಳಿದು. ಅದರ ಮೇಲೆ ನನಗಿರುವ ಪ್ರೀತಿ ನಿಮಗಿಂತ ಒಂದು ಗುಲಗಂಜಿಯೂ ಕಮ್ಮಿ ಇಲ್ಲ.

ಮೊಣಕಾಲು_ಚಿಪ್ಪು

ಅಣ್ಣ, ನಾನು ಹುಟ್ಟಿದ್ದೇ 2001ರಲ್ಲಿ. ನಿಮ್ಮ ಶೂ ವಯಸ್ಸು. 😄

ಬೆಂಗಳೂರಿನಲ್ಲಿ ಆರು ವರ್ಷದಿಂದ ಸ್ಕೇಟ್ ಮಾಡುತ್ತಿದ್ದೇನೆ. ಹೋಲಿಸ್ಟೋಕ್ಡ್ ಅನ್ನೋ ಸ್ಕೇಟರ್‌ಗಳ ತಂಡದವರು 2013ರಲ್ಲಿ ಇಲ್ಲಿ ಸ್ಕೇಟ್ ಪಾರ್ಕ್ ಕಟ್ಟಿದಾಗ ನಾನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದೆ, ಅವರಿಂದ ಕಲಿತವರಿಂದ ನಾನು ಕಲಿತೆ. ಒಂದು ಮಾತು ಹೇಳುತ್ತೇನೆ, ಬೇಜಾರಾಗಬೇಡಿ. ಆ ದಪ್ಪ ಶೂಗಳು ಆಡಲು ಅಷ್ಟೇನೂ ಚೆನ್ನಾಗಿಲ್ಲ. ದೊಡ್ಡ ಮೆಟ್ಟಿಲು ಹಾರಿದಾಗ ಹಿಮ್ಮಡಿ ಉಳಿಯುತ್ತದೆ, ಸರಿ. ಆದರೆ ಬೋರ್ಡ್ ಎಲ್ಲಿದೆ ಅಂತ ಕಾಲಿಗೇ ಗೊತ್ತಾಗುವುದಿಲ್ಲ, ದಿಂಬಿನ ಮೇಲೆ ನಿಂತ ಹಾಗೆ. ಅದಕ್ಕೇ 2005ರ ಆಸುಪಾಸಿಗೆ ಎಲ್ಲರೂ ಮತ್ತೆ ತೆಳು ತಳಕ್ಕೆ ಹೋದರು.

ನಿಮ್ಮ ಹಾಫ್ ಕ್ಯಾಬ್ ಕಥೆ ಗೊತ್ತಲ್ವಾ? ಸ್ಕೇಟರ್ ಸ್ಟೀವ್ ಕಬಲೇರೋ ಹೆಸರಿನ ಎತ್ತರದ ಶೂ ಬಂದಿತ್ತು. ಬೀದಿಯಲ್ಲಿ ಆಡುವವರು ಅದರ ಕತ್ತನ್ನು ಕತ್ತರಿಯಲ್ಲಿ ಕತ್ತರಿಸಿ ಟೇಪ್ ಸುತ್ತಿಕೊಳ್ಳುತ್ತಿದ್ದರು. ಅದನ್ನು ನೋಡಿ ವ್ಯಾನ್ಸ್‌ನವರೇ 1992ರಲ್ಲಿ ಅರ್ಧ ಎತ್ತರದ್ದು ತಂದರು. ಅಂದರೆ ಶೂಗೆ ಕತ್ತರಿ ಹಾಕುವುದು ಈ ಆಟದಲ್ಲಿ ಪಾಪ ಅಲ್ಲ. ಧೈರ್ಯವಾಗಿ ಕೆರೆಯಿರಿ.

ಮಗನಿಗೆ ಆಡಲು ಬೇಕು ಅಂದರೆ ಮಾತ್ರ ಹೊಸದು ಕೊಡಿಸಿ. ಈಗ ದಪ್ಪ ಶೂ ಮತ್ತೆ ಬಂದಿದೆ. ಎಸ್ ಅನ್ನೋ ಸ್ಕೇಟ್ ಶೂ ಕಂಪನಿ 2012ರಲ್ಲಿ ಬಾಗಿಲು ಹಾಕಿ 2014ರಲ್ಲಿ ಮತ್ತೆ ತೆರೆಯಿತು, ಅವರ ಹಳೇ ದಪ್ಪ ಶೂ ಆಕ್ಸೆಲ್ ಈಗಲೂ ಮಾಡುತ್ತಾರೆ. ಡಿ3 ಕೂಡ ವಾಪಸ್ ಬಂದಿದೆ. ನನ್ನ ವಯಸ್ಸಿನವರು ನಿಮ್ಮ ಆ ಪ್ಯಾಂಟುಗಳನ್ನು ಹುಡುಕಿಕೊಂಡು ಅಲೆಯುತ್ತಿದ್ದಾರೆ. ಅಟ್ಟದಲ್ಲಿ ಇದ್ದರೆ ಎಸೆಯಬೇಡಿ, ನನಗೆ ಹೇಳಿ.

ಎಡಗಾಲು_ಮುಂದೆ (ಮೈಸೂರು)

ಎಲ್ಲರಿಗೂ ಥ್ಯಾಂಕ್ಸ್. ಜಯನಗರದವರೇ, ಚುಚ್ಚುತ್ತಿರುವುದು ನಿಜ. ಒಪ್ಪಿದೆ. ಪ್ಯಾಂಟು ಕೇಳಿದ ತಮ್ಮನಿಗೆ: ಅಮ್ಮ ಅದನ್ನು ಯಾವಾಗಲೋ ಎರಡು ಚೀಲ ಮಾಡಿ ಹೊಲಿದಿದ್ದಾಳೆ. ಒಂದರಲ್ಲಿ ಈಗಲೂ ತೆಂಗಿನಕಾಯಿ ತರುತ್ತಾಳೆ.

ಭಾನುವಾರ ಎರಡೂ ಜೋಡಿ ಹಿಡಿದುಕೊಂಡು ನಮ್ಮ ಸರ್ಕಲ್ಲಿನ ಮರದ ಕೆಳಗೆ ಕೂರುವ ಶೂ ರಿಪೇರಿಯವರ ಹತ್ತಿರ ಹೋದೆ. ವಯಸ್ಸಾದವರು. ಬೂದು ಜೋಡಿಯ ದಾರಗಳನ್ನು ಉಗುರಿನಲ್ಲಿ ಮೀಟಿ ನೋಡಿ, ಮೇಲ್ಭಾಗ ಚೆನ್ನಾಗಿದೆ ಅಂದರು. ಫೋಮ್ ಪೂರ್ತಿ ಕೆರೆದು, ಮೈಕ್ರೋ ಶೀಟ್ (ತಳಕ್ಕೆ ಹಾಕುವ ಹಗುರ ರಬ್ಬರ್ ಹಾಳೆ) ಎರಡು ಪದರ ಕೊಟ್ಟು, ಸುತ್ತ ಹೊಲಿಗೆ ಹಾಕಿಕೊಡುತ್ತಾರಂತೆ. ಮೊದಲಿನಷ್ಟು ದಪ್ಪ ಬರುವುದಿಲ್ಲ. ಓಡಾಡಲು ಸಾಕು.

ಹಾಫ್ ಕ್ಯಾಬ್ ಜೋಡಿಯನ್ನು ಸುಮ್ನೆ ತೋರಿಸಲು ಕೊಟ್ಟೆ. ಅವರು ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಎಡಗಾಲಿನದರಲ್ಲಿ ಕಿರುಬೆರಳಿನ ಬದಿ ತೂತು, ತಳ ಹಾಗೇ ಇದೆ. ಬಲಗಾಲಿನದರಲ್ಲಿ ಮೇಲೆ ಏನೂ ಆಗಿಲ್ಲ, ತಳ ಮುಂದೆ ಕಾಗದದಷ್ಟು ತೆಳ್ಳಗಾಗಿದೆ.

"ಬಲಗಾಲಲ್ಲಿ ನೆಲ ಒದ್ದಿದ್ದೀರಿ," ಅಂದರು. "ಎಡಗಾಲಲ್ಲಿ ಏನು ಉಜ್ಜಿದ್ರಿ ಸ್ವಾಮಿ?"

ಅಲ್ಲೇ ಫುಟ್‌ಪಾತಿನ ಮೇಲೆ, ಮೂವತ್ತೆಂಟನೇ ವಯಸ್ಸಿನಲ್ಲಿ, ಚಪ್ಪಲಿ ಬಿಟ್ಟು ಓಲಿ ಹೇಗೆ ಅಂತ ಬರೀ ಕಾಲಲ್ಲಿ ತೋರಿಸಿದೆ. ಗುರುವಾರ ಬಂದು ತೆಗೆದುಕೊಂಡು ಹೋಗಿ ಅಂದಿದ್ದಾರೆ. ಫೋಟೋ ಹಾಕುತ್ತೇನೆ.