ಬಿದರಿ ಕೆತ್ತನೆಯಲ್ಲಿ ವೇಗ ತಗ್ಗಿಸುವುದು ಹೇಗೆ?

ಪ್ರಶ್ನೆ (ಬೀದರ್): ಲೋಹದ ಪಾತ್ರೆಗಳಲ್ಲಿ ಬೆಳ್ಳಿಯ ಚಿತ್ತಾರ ಕೂರಿಸುವ ಬಿದರಿ ಕಲೆಯಲ್ಲಿ ಹೊಸ ವಿನ್ಯಾಸಗಳನ್ನು ರೂಪಿಸುವ ನನಗೆ, ಹಬ್ಬದ ಬೇಡಿಕೆಯ ಒತ್ತಡದಲ್ಲಿ ತಡರಾತ್ರಿಯವರೆಗೂ ಉಳಿ ಹಿಡಿಯುವುದರಿಂದ ಕಣ್ಣು, ಮಣಿಕಟ್ಟು ಎರಡೂ ಸೋಲುತ್ತಿವೆ. ಆದಾಯ ಕುಸಿಯದಂತೆ ನಿಧಾನಗೊಳ್ಳುವುದು ಸಾಧ್ಯವೇ?

ಉತ್ತರ (ಬೀದರ್): ಸತು-ತಾಮ್ರದ ಎರಕ, ಅರದಿಂದ ನಯಗೊಳಿಸುವುದು, ಕೆತ್ತನೆ, ಬೆಳ್ಳಿ ಕೂರಿಸುವುದು, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ದ್ರಾವಣದಲ್ಲಿ ಕಪ್ಪಾಗಿಸುವುದು, ಇವೆಲ್ಲ ದೇಹಕ್ಕೆ ಒಂದೇ ಬಗೆಯ ಶ್ರಮ ಕೊಡುವುದಿಲ್ಲ. ಆದ್ದರಿಂದ ಸೂಕ್ಷ್ಮ ಕೆತ್ತನೆಯನ್ನು ಬೆಳಗಿನ ಬೆಳಕಿಗೆ ಮೀಸಲಿಟ್ಟು, ಉಜ್ಜುವ ಕೆಲಸವನ್ನು ಮಧ್ಯಾಹ್ನಕ್ಕೆ ಇರಿಸಿಕೊಳ್ಳಿರಿ. ನಮ್ಮ ಬೇಸಿಗೆಯ ಮಧ್ಯಾಹ್ನದಲ್ಲಿ ಕೆತ್ತನೆ ಹೇಗೂ ಕೈಗೆ ಹತ್ತುವುದಿಲ್ಲ.

ಉತ್ತರ (ಕಲಬುರಗಿ): ವೇಳಾಪಟ್ಟಿಗಿಂತ ಬೆಲೆಯೇ ಮುಖ್ಯವೆಂದು ನನ್ನ ಅಭಿಪ್ರಾಯ. ಹೊಸ ವಿನ್ಯಾಸಕ್ಕೆ ಪ್ರತ್ಯೇಕ ದರ ವಿಧಿಸಿ, ಗಡುವನ್ನು ನೀವೇ ಹೇಳಿರಿ.

ಪ್ರಶ್ನೆ ಕೇಳಿದವರು: ಹಳೆಯ ಗಿರಾಕಿಗಳು ಒಪ್ಪುವರೋ ಎಂಬ ಅಳುಕಿದೆ, ಮೊದಲು ಹೂದಾನಿಗಳಿಗೆ ಮಾತ್ರ ಹೀಗೆ ಮಾಡಿ ನೋಡುತ್ತೇನೆ.